ಗಂಗಾಳ ಗಾಲಿ ಮತ್ತು ಸಾಹೇಬರ ಅಂಗಿ

ನಮ್ಮ ಮನೆಯವರು ಮೊನ್ನೆ ತಮ್ಮ ಆಫೀಸಿನ ಯಾವುದೋ ಸಭೆಗೆ ಹೋದವರು ಬರುವಾಗ ಒಂದು ಪುಕ್ಕಟೆ ಟೀ ಶರ್ಟು ಹಿಡಿದುಕೊಂಡು ಬಂದರು. ಬಿಳಿಯದು, ಜೋಳದ ಚೀಲದಷ್ಟು ಅಗಲ, ಬೆನ್ನ ತುಂಬ ಯಾರದೋ ಹೆಸರು. ಅವರು ಕೈಕಾಲು ತೊಳೆದು ಬರುವಷ್ಟರಲ್ಲಿ ನಾನು ಅದನ್ನು ನಡುವೆ ಹರಿದು ನೆಲ ಒರೆಸುವ ಬಕೆಟ್ಟಿಗೆ ಹಾಕಿದ್ದೆ.

“ಹೊಸಾದಲಾ ಅದು! ಒಮ್ಮಿನೂ ಮೈಮ್ಯಾಲೆ ಹಾಕ್ಕೊಂಡಿಲ್ಲ ನಾ!”

“ನೆಲಾ ಒರಸಾಕ ಭಾಳ ಚಲೋ ಆಗ್ತೈತಿ,” ಅಂದೆ.

ಪಾಪ, ಮದುವೆಯಾದ ಹೊಸದರಲ್ಲಿಯೇ ಅವರಿಗೆ ಗೊತ್ತಾಗಿತ್ತು. ನಮ್ಮ ಮನೆಯಲ್ಲಿ ಬನಿಯನ್ ಇರಬಹುದು, ಇಸ್ತ್ರಿ ಮಾಡಿದ ಅಂಗಿ ಇರಬಹುದು, ಸಡಿಲವಾದ ಬಿಳಿ ಟೀ ಶರ್ಟಿಗೆ ಮಾತ್ರ ಜಾಗವಿಲ್ಲ. ಯಾಕೆ ಎಂದು ನಿಮಗೆ ಹೇಳುತ್ತೇನೆ. ಮೊದಲೇ ಒಂದು ಮಾತು: ಇದು ಸಿಟ್ಟಿನ ಕಥೆ. ಕಡೆಗೆ ಎಲ್ಲ ಮರೆತು ಎಲ್ಲರೂ ನಗುನಗುತ್ತ ಚಹಾ ಕುಡಿದೆವು ಎಂದು ಬರೆಯುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ಸಿಟ್ಟು ನನಗೆ ಅವ್ವನಿಂದ ಬಂದದ್ದು. ಅಪ್ಪ ಇಲಕಲ್ಲಿನಲ್ಲಿ ನೇಕಾರ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಓಣಿಯಲ್ಲಿ ಬಡಿದಾಟವಾದರೂ ತಲೆ ಎತ್ತದ ಮನುಷ್ಯ. ಅವ್ವ ಹಾಗಿರಲಿಲ್ಲ. ನಳದ ನೀರು ಬಿಡುವವನು, ಹಾಲಿನವನು, ಪಕ್ಕದ ಮನೆಯ ಕೋಳಿ, ಯಾರೂ ಅವಳ ಬಾಯಿಂದ ತಪ್ಪಿಸಿಕೊಂಡವರಿಲ್ಲ. ಬಣ್ಣ ಹಾಕುವವರ ಮನೆಗೆ ನೂಲಿನ ಲಡಿ ಒಯ್ಯುವ ಕೆಲಸ ನನ್ನದಾಗಿತ್ತು. ಅದಕ್ಕೆಂದೇ ಅಪ್ಪನ ಸೈಕಲ್ಲು ಕಲಿತೆ. ಸೀಟು ಎಟುಕುತ್ತಿರಲಿಲ್ಲ, ನಡುವಿನ ಬಾರಿನ ಕೆಳಗೆ ಒಂದು ಕಾಲು ತೂರಿಸಿ ಓರೆಯಾಗಿ ತುಳಿಯುತ್ತಿದ್ದೆ. ಆಷಾಢದ ಗಾಳಿ ಲಂಗದೊಳಗೆ ಹೊಕ್ಕಿತೆಂದರೆ ಅದು ಛತ್ರಿಯ ಹಾಗೆ ಉಬ್ಬಿ ನನ್ನನ್ನು ಹಿಂದಕ್ಕೆ ಜಗ್ಗುತ್ತಿತ್ತು. ಒಂದು ದಿನ ಬೇಸತ್ತು ಲಂಗವನ್ನು ಕಚ್ಚೆಯ ಹಾಗೆ ಹಿಂದಕ್ಕೆ ಸಿಗಿಸಿಕೊಂಡು ಹೊರಟೆ. ಸೈಕಲ್ಲು ಬಾಣದ ಹಾಗೆ ಹೋಯಿತು. ಮನೆ ಮುಟ್ಟುವುದರೊಳಗೆ ಸುದ್ದಿ ನನಗಿಂತ ಜೋರಾಗಿ ಹೋಗಿ ಅವ್ವನನ್ನು ಮುಟ್ಟಿತ್ತು. ಬೆನ್ನ ಮೇಲೆ ಬಿದ್ದ ಏಟು ಇನ್ನೂ ನೆನಪಿದೆ. ಗಾಳಿ ಹಿಡಿಯುವುದು ಬಟ್ಟೆಯನ್ನು ಎಂಬುದು ನಾನು ಕಲಿತ ಮೊದಲ ಪಾಠ. ಬಟ್ಟೆ ಸರಿಸಿದರೆ ಊರು ಹಿಡಿಯುತ್ತದೆ ಎಂಬುದು ಎರಡನೆಯದು.

ಹೈಸ್ಕೂಲಿನಲ್ಲಿದ್ದಾಗ ಯಾವುದೋ ಸೈಕಲ್ ಸ್ಪರ್ಧೆಯಲ್ಲಿ ಗೆದ್ದೆ. ಅದೇ ನೆಪವಾಗಿ ಬಾಗಲಕೋಟೆಯಲ್ಲಿ ಸೈಕ್ಲಿಂಗ್ ಕಲಿಸುವ ಒಂದು ಹಾಸ್ಟೆಲ್ಲಿಗೆ ಸೇರಿಸಿಕೊಂಡರು. ತೊಂಬತ್ತರ ದಶಕದ ಕೊನೆಯ ಕಾಲ. ಹಳೆಯ ಊರಿಗೆ ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ಜನ ಕದ, ಕಿಟಕಿ, ತೊಲೆ ಬಿಚ್ಚಿಕೊಂಡು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೊಸದಾಗಿ ಕಟ್ಟುತ್ತಿದ್ದ ನವನಗರಕ್ಕೆ ಬರುತ್ತಿದ್ದರು. ಅಲ್ಲಿ ಮನೆಗಳಿಗಿಂತ ಮೊದಲು ರಸ್ತೆಗಳು ಬಂದಿದ್ದವು. ಉದ್ದಕ್ಕೆ, ಅಗಲಕ್ಕೆ, ಕರಿಯ ಹೊಸ ಡಾಂಬರು. ಎರಡೂ ಬದಿಗೆ ಸೆಕ್ಟರಿನ ನಂಬರು ಬರೆದ ಕಲ್ಲುಗಳು. ಗಿಡವಿಲ್ಲ, ಗೋಡೆಯಿಲ್ಲ. ಗಾಳಿಗೆ ಅಡ್ಡ ಬರುವವರೆಂದರೆ ನಾವು ಹುಡುಗಿಯರು ಮಾತ್ರ. ಊರು ಕಳೆದುಕೊಂಡವರು ಅಲ್ಲಿ ನಿಂತು ಕಣ್ಣೀರು ಹಾಕುತ್ತಿದ್ದರು. ಇಂಥ ರಸ್ತೆ ಸಿಕ್ಕಿತಲ್ಲ ಎಂದು ನಾವು ಹಿಗ್ಗುತ್ತಿದ್ದೆವು. ವಯಸ್ಸೇ ಅಂಥದು.

ನಮ್ಮ ಸರ್ ಬಗ್ಗೆ ಹೇಳಬೇಕು. ತೆಳ್ಳಗಿನ ಮನುಷ್ಯ. ಕೊರಳಲ್ಲಿ ಸೀಟಿ, ಕೈಯಲ್ಲಿ ಸ್ಟಾಪ್ ವಾಚು, ತಲೆಯಲ್ಲಿ ಬರೀ ಗಾಳಿ. ಕೆಟ್ಟ ಮಾತಾಗಿ ಹೇಳುತ್ತಿಲ್ಲ, ನಿಜವಾಗಿಯೂ ಅವರು ಗಾಳಿಯೊಂದನ್ನೇ ಯೋಚಿಸುತ್ತಿದ್ದರು. ಒಮ್ಮೆ ಸ್ಪರ್ಧೆಗೆಂದು ಬಾದಾಮಿಗೆ ಬಸ್ಸಿನಲ್ಲಿ ಹೊರಟಿದ್ದೆವು. ದಾರಿಯಲ್ಲಿ ಎಲ್ಲರಿಗೂ ಕಿಟಕಿಯಿಂದ ಕೈ ಹೊರಗೆ ಹಾಕಲು ಹೇಳಿದರು.

“ಅಂಗೈ ಮುಂದ ಮಾಡ್ರಿ. ಏನಾತು?”

“ಹಿಂದಕ ತಳ್ಳತೈತ್ರಿ ಸರ್.”

“ಈಗ ಅಂಗೈ ನೆಲದ ಕಡೆ ಹೊಳ್ಳಸ್ರಿ. ಈಗೇನಾತು?”

“ಸುಮ್ಮನಾತ್ರಿ!”

ಕಂಡಕ್ಟರು ಓಡಿ ಬಂದು ಎಲ್ಲರಿಗೂ ಬೈದ. “ಕೈ ಕಡಕೊಂಡು ಹೋದ್ರ ಯಾರಿಗೆ ಹೇಳ್ತೀರ್ರಿ ಮಾಸ್ತರ?” ಸರ್ ನಗುತ್ತ ಕ್ಷಮೆ ಕೇಳಿ ನಮ್ಮ ಕಡೆ ತಿರುಗಿದರು. “ತಿಳೀತಲ್ಲ? ಅದಽ ಕೈ, ಅದಽ ಗಾಳಿ. ಹಿಡಿಯೂ ರೀತಿ ಬ್ಯಾರೆ.”

ಸೈಕಲ್ ಸ್ಪರ್ಧೆಗಳಲ್ಲಿ ಟೈಮ್ ಟ್ರಯಲ್ ಎಂಬುದೊಂದಿದೆ. ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ. ಒಬ್ಬೊಬ್ಬರನ್ನೇ ಬಿಡುತ್ತಾರೆ. ಮುಂದೆ ಯಾರೂ ಇಲ್ಲ, ಯಾರ ಬೆನ್ನ ಹಿಂದೆಯೂ ಅಡಗಿಕೊಳ್ಳುವ ಹಾಗಿಲ್ಲ. ನೀನು, ರಸ್ತೆ, ಗಡಿಯಾರ. ಅದರಲ್ಲಿ ಗೆಲ್ಲುವವರು ಗಾಳಿಯ ಕೈಗೆ ಸಿಗದವರು. ಅದಕ್ಕೇ ಸರ್ ನಮ್ಮನ್ನು ಗೋಡೆಗೆ ಒರಗಿಸಿದ ಸೈಕಲ್ಲಿನ ಮೇಲೆ ಕೂರಿಸಿ, ಮೊಣಕೈ ಒಳಗೆ ಮಡಿಸಿ, ಬೆನ್ನು ಹಲಗೆಯ ಹಾಗೆ ಸಪಾಟು ಮಾಡಿಸಿ, ತಲೆ ತಗ್ಗಿಸಿ, ದೂರ ಹೋಗಿ ನಿಂತು ನೋಡುತ್ತಿದ್ದರು.

“ಕಸ್ತೂರಿ, ಭುಜ ಕಾಣತಾವ. ಒಳಗ ತಗೋ. ಎಷ್ಟು ಕಾಣ್ತಿ ಅಷ್ಟು ಗಾಳಿ ಬಡಿತೈತಿ. ನನಗ ಕಾಣಬ್ಯಾಡ.”

ಕಸ್ತೂರಿ ಅಂದರೆ ನಾನು. ನಾನು ದಿನಾ ಸಂಜೆ ಕಾಣದ ಹಾಗೆ ಆಗಲು ಕಲಿಯುತ್ತಿದ್ದೆ. “ಗಾಳಿಗೆ ಸೈಕಲ್ ಸಣ್ಣದು, ನೀವಽ ದೊಡ್ಡಾವ್ರು,” ಎಂದು ಸರ್ ಪದೇಪದೇ ಹೇಳುತ್ತಿದ್ದರು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ನನ್ನ ಸಿಟ್ಟಿನ ಬೇರು ಇದರಲ್ಲೇ ಇದೆ.

ನನ್ನ ಪಕ್ಕದ ಕಾಟು ರೇಣುಕಾಳದು. ಮರೋಳದ ಹುಡುಗಿ, ಒಕ್ಕಲುತನದವರು. ಮಾತು ಕಡಿಮೆ, ಆಡಿದ ಒಂದೊಂದು ಮಾತೂ ಮುಳ್ಳಿನ ಹಾಗೆ ಚುಚ್ಚುವಂಥದು. ಏರಿನಲ್ಲಿ ಅವಳು ನನಗಿಂತ ಗಟ್ಟಿ, ಸಪಾಟು ರಸ್ತೆಯಲ್ಲಿ ನಾನು ಒಂದು ಕೂದಲೆಳೆ ಮೇಲು. ಇಬ್ಬರೂ ಒಂದೇ ಸಾಬೂನು, ಒಂದೇ ಬಾಚಣಿಗೆ. ಜಗಳವಾಡಿದ ದಿನ ಬಾಚಣಿಗೆ ಅವಳ ಕಡೆ, ಸಾಬೂನು ನನ್ನ ಕಡೆ.

ಒಂದು ದಿನ ಹಾಸ್ಟೆಲ್ಲಿಗೆ ದೊಡ್ಡ ರಟ್ಟಿನ ಪೆಟ್ಟಿಗೆ ಬಂತು. ಒಳಗೆ ಒಂದು ಟೈಮ್ ಟ್ರಯಲ್ ಸೈಕಲ್ಲು. ಅಂಥದನ್ನು ನಾವು ಚಿತ್ರದಲ್ಲಿ ಬಿಟ್ಟು ನೋಡಿರಲಿಲ್ಲ. ಅದರ ಕೊಳವೆಗಳು ದುಂಡಗಿರಲಿಲ್ಲ. ಮೀನಿನ ಮೈಯ ಹಾಗೆ ಮುಂದೆ ದಪ್ಪ, ಹಿಂದೆ ಚೂಪು. ಹ್ಯಾಂಡಲ್ಲಿನಿಂದ ಎರಡು ಕೊಂಬು ಮುಂದಕ್ಕೆ ಚಾಚಿದ್ದವು, ಮೊಣಕೈ ಇಡಲು ಮೆತ್ತನೆಯ ಬಟ್ಟಲುಗಳು. ಮುಂದಿನ ಗಾಲಿಗೆ ಅಂಗೈ ಅಗಲದ ರಿಮ್ಮು, ಎಣಿಸುವಷ್ಟು ಕಡ್ಡಿಗಳು. ಹಿಂದಿನ ಗಾಲಿಗೆ ಕಡ್ಡಿಯೇ ಇಲ್ಲ! ಪೂರ್ತಿ ಮುಚ್ಚಿದ ಕರಿಯ ತಟ್ಟೆ. ಕಡ್ಡಿಗಳು ತಿರುಗುವಾಗ ಒಂದೊಂದೂ ಗಾಳಿಯನ್ನು ಕಡಗೋಲಿನ ಹಾಗೆ ಕಡೆಯುತ್ತವೆ, ತಟ್ಟೆ ಹಾಗೆ ಕಡೆಯುವುದಿಲ್ಲ, ಗಾಳಿ ಅದರ ಮೈ ಸವರಿಕೊಂಡು ಜಾರಿ ಹೋಗುತ್ತದೆ ಎಂದು ಸರ್ ವಿವರಿಸಿದರು. ರೇಣುಕಾ ಅದನ್ನು ಬೆರಳಿನಿಂದ ಬಡಿದು ನೋಡಿ, “ಊಟದ ಗಂಗಾಳ ಇದ್ದಂಗ ಐತಿ,” ಅಂದಳು. ಅಂದಿನಿಂದ ಅದು ಗಂಗಾಳ ಗಾಲಿ.

ಹಾಸ್ಟೆಲ್ಲಿನ ಅಡುಗೆಯವರು ಅದಕ್ಕೆ ಕುಂಕುಮ ಹಚ್ಚಿ, ಹ್ಯಾಂಡಲ್ಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ ಕೈ ಮುಗಿದರು. ಸರ್ ಅವರೆದುರಿಗೇ ನಿಂಬೆಹಣ್ಣು ಬಿಚ್ಚಿ ಕೆಳಗಿಟ್ಟರು. “ಇದಕ್ಕೂ ಗಾಳಿ ಬಡಿತೈತವ್ವಾ.” ಅಡುಗೆಯವರಿಗೆ ಸಿಟ್ಟು ಬಂದು ಎರಡು ದಿನ ಸಾರಿಗೆ ಉಪ್ಪು ಹಾಕಲಿಲ್ಲ. ಸರ್ ಅಂಜಲಿಲ್ಲ.

ಆ ಗಾಲಿಯ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ವೇಗ ಏರಿದ ಹಾಗೆಲ್ಲ ಜೋಳ ತೆಗೆದು ಖಾಲಿಯಾದ ನೆಲದೊಳಗಿನ ಹಗೇವಿನಲ್ಲಿ ಯಾರೋ ಗುನುಗುತ್ತಿರುವಂಥ ಗುಂಯ್ ಎಂಬ ನಾದ. ಮೊದಲ ದಿನ ಆ ನಾದಕ್ಕೇ ಮರುಳಾಗಿ ತುಳಿಯುತ್ತಿದ್ದಾಗ ಶಿರೂರಿನ ಹತ್ತಿರ ಅಡ್ಡಗಾಳಿ ಬಂತು. ತಟ್ಟೆಗೆ ಮುಂದಿನಿಂದ ಬರುವ ಗಾಳಿ ಗೆಳತಿ, ಮಗ್ಗುಲಿನಿಂದ ಬಂದರೆ ಸವತಿ. ಯಾರೋ ಭುಜ ಹಿಡಿದು ನೂಕಿದ ಹಾಗಾಗಿ ನಾನು ಸೀದಾ ಜೋಳದ ಹೊಲದೊಳಗೆ ಹೋಗಿ ನಿಂತೆ. ಹಿಂದೆ ಗಾಡಿಯಲ್ಲಿದ್ದ ಸರ್ ಓಡಿ ಬಂದು ಮೊದಲು ಗಾಲಿಗೆ ಏನಾಗಿದೆ ನೋಡಿದರು, ಆಮೇಲೆ ನನ್ನ ಕಾಲು. ಆಗ ಅದಕ್ಕೆ ನನಗೆ ಸಿಟ್ಟೇ ಬರಲಿಲ್ಲ. ನಾನೂ ಮೊದಲು ನೋಡಿದ್ದು ಗಾಲಿಯನ್ನೇ.

ಸೈಕಲ್ಲಿನ ಜೊತೆಗೆ ಸ್ಪರ್ಧೆಯ ಉಡುಪೂ ಬಂದಿತ್ತು. ಕೊರಳಿನಿಂದ ತೊಡೆಯವರೆಗೆ ಒಂದೇ ತುಂಡು, ಮೈಗೆ ಅಂಟಿಕೊಂಡು ಕೂರುವಂಥದು. ಹಾಕಿಕೊಂಡ ಮೊದಲ ದಿನ ನಾವಿಬ್ಬರೂ ನಾಚಿ ಕೋಣೆಯಿಂದ ಹೊರಗೇ ಬರಲಿಲ್ಲ. ಎರಡನೆಯ ದಿನ ಬಂದೆವು. ಮೂರನೆಯ ದಿನ ಅದು ಮೈಮೇಲಿರುವುದೇ ಮರೆತುಹೋಗಿತ್ತು. ಗಾಳಿಗೆ ಹಿಡಿಯಲು ಚಿಮಟಿಯಷ್ಟು ಬಟ್ಟೆಯೂ ಸಿಗುತ್ತಿರಲಿಲ್ಲ. ಲಂಗ ಕಚ್ಚೆ ಹಾಕಿ ಏಟು ತಿಂದ ಹುಡುಗಿಗೆ ಅದೆಂಥ ಸುಖ ಎಂದು ಹೇಗೆ ಹೇಳಲಿ!

ಆ ಸುಖ ಹೆಚ್ಚು ದಿನ ಉಳಿಯಲಿಲ್ಲ. ಒಂದು ಸ್ಪರ್ಧೆಯಲ್ಲಿ ರೇಣುಕಾ ಗೆದ್ದಳು, ಅವಳು ಬಗ್ಗಿ ತುಳಿಯುತ್ತಿದ್ದ ಫೋಟೋ ಸ್ಥಳೀಯ ಪೇಪರಿನಲ್ಲಿ ಬಂತು. ನಾವು ಅದನ್ನು ಕತ್ತರಿಸಿ ಕೋಣೆಯ ಗೋಡೆಗೆ ಅಂಟಿಸಿದೆವು. ಅದೇ ಫೋಟೋವನ್ನು ಯಾರೋ ಸಾಹೇಬರಿಗೂ ತೋರಿಸಿದ್ದರು.

ಸಾಹೇಬರೆಂದರೆ ಹಾಸ್ಟೆಲ್ ನಡೆಸುವ ಕಮಿಟಿಯ ಅಧ್ಯಕ್ಷರು. ನಮ್ಮ ಹಾಲು, ತತ್ತಿ, ಗಾದಿ, ಪ್ರಯಾಣ ಎಲ್ಲ ಅವರ ಕೃಪೆಯಿಂದ ಎಂದು ನಮಗೆ ಪ್ರತಿ ವಾರ ನೆನಪಿಸಲಾಗುತ್ತಿತ್ತು. ಅವರು ಒಂದು ಮುಂಜಾನೆ ಬಂದು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದರು.

“ನೋಡ್ರವಾ, ಆಟ ಆಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಹೆಣ್ಣುಮಕ್ಕಳ ಮೈ ಕಾಣಬಾರದು. ನಾಳೆ ಜನ ನನ್ನ ಮಾರಿ ನೋಡಿ ಕೇಳ್ತಾರ.”

ಸರ್ ನಮಗೆ ವರ್ಷಗಟ್ಟಲೆ ಹೇಳಿದ್ದೂ ಅದೇ ಮಾತು, ಕಾಣಬ್ಯಾಡ. ಅವರು ಹೇಳಿದ್ದು ಗಾಳಿಗೆ ಕಾಣಬೇಡವೆಂದು. ಒಂದೇ ಮಾತು ಇಬ್ಬರ ಬಾಯಲ್ಲಿ ಇಷ್ಟು ಬೇರೆಯಾಗಬಹುದೆಂದು ನನಗೆ ಅಂದು ತಿಳಿಯಿತು.

ಸಾಹೇಬರ ಮನುಷ್ಯ ಒಂದು ಗಂಟು ಬಿಚ್ಚಿದ. ಬಿಳಿ ಟೀ ಶರ್ಟುಗಳು. ತೊಡೆಯವರೆಗೆ ಉದ್ದ, ಮೊಣಕೈಯವರೆಗೆ ತೋಳು, ಬೆನ್ನ ಮೇಲೆ ಕೆಂಪು ಅಕ್ಷರದಲ್ಲಿ ಸಾಹೇಬರ ಹೆಸರು. ಉಡುಪಿನ ಮೇಲೆ ಇದನ್ನು ಹಾಕಿಕೊಂಡೇ ಹುಡುಗಿಯರು ಸೈಕಲ್ಲು ಹತ್ತಬೇಕು. ಕಮಿಟಿಯ ಇನ್ನೊಂದು ಹಾಸ್ಟೆಲ್ಲಿನ ಹುಡುಗರಿಗೆ ಆ ನಿಯಮವಿಲ್ಲ. ಹುಡುಗರ ಮೈ ಕಂಡರೆ ಯಾರೂ ಸಾಹೇಬರ ಮುಖ ನೋಡಿ ಕೇಳುವುದಿಲ್ಲವಂತೆ.

ನಾವು ಸರ್ ಮುಖ ನೋಡಿದೆವು. ನಿಂಬೆಹಣ್ಣಿಗೂ ಗಾಳಿ ಬಡಿಯುತ್ತದೆ ಎಂದು ಬಿಚ್ಚಿ ಕೆಳಗಿಟ್ಟ ಮನುಷ್ಯ, ಆ ಗಂಟಿನಿಂದ ಒಂದೊಂದೇ ಟೀ ಶರ್ಟು ತೆಗೆದು ನಮಗೆ ಹಂಚಿದರು.

ಹಾಕಿಕೊಂಡು ತುಳಿದು ನೋಡಿ. ಬೇಡ, ನಿಮ್ಮ ಶತ್ರುವಿಗೂ ಬೇಡ. ವೇಗ ಹಿಡಿದ ಕೂಡಲೇ ಕೊರಳಿನಿಂದ ಹೊಕ್ಕ ಗಾಳಿ ಬೆನ್ನ ಮೇಲೆ ಗುಡಾರ ಕಟ್ಟುತ್ತದೆ. ಪಟಪಟ, ಪಟಪಟ. ಆ ಸದ್ದಿನಲ್ಲಿ ಗಂಗಾಳ ಗಾಲಿಯ ಗುಂಯ್ ನಾದವೇ ಕೇಳಿಸುತ್ತಿರಲಿಲ್ಲ. ಕೆಳಗೆ ಗಾಳಿಯನ್ನು ಜಾರಿಸಲು ಅಷ್ಟು ತಲೆ ಓಡಿಸಿ ಮಾಡಿದ ಸೈಕಲ್ಲು, ಮೇಲೆ ಅದೇ ಗಾಳಿಯನ್ನು ಕರೆದು ಕೂರಿಸಿಕೊಳ್ಳುವ ಅಂಗಿ! ಹಟ್ಟಿಯ ಬಾಗಿಲಿಗೆ ಕೀಲಿ ಹಾಕಿ ಗೋಡೆ ಒಡೆದ ಹಾಗಾಯಿತು.

ಬಾಯಲ್ಲಿ ಹೇಳಿದರೆ ಸಾಲದು, ಸರ್ ಗೆ ತೋರಿಸೋಣ ಎಂದು ರೇಣುಕಾ ಒಂದು ಉಪಾಯ ಮಾಡಿದಳು. ನವನಗರದ ಹೊರಗೆ ಒಂದು ಇಳಿಜಾರು ರಸ್ತೆಯಿತ್ತು. ಗಾಳಿಯಿಲ್ಲದ ಒಂದು ಬೆಳಿಗ್ಗೆ ಅಲ್ಲಿಗೆ ಹೋದೆವು. ಮೇಲಿನಿಂದ ಪೆಡಲ್ ತುಳಿಯದೆ ಸುಮ್ಮನೆ ಬಿಟ್ಟುಕೊಂಡು ಬಂದು, ಸೈಕಲ್ಲು ತಾನಾಗಿ ನಿಂತ ಜಾಗಕ್ಕೆ ಒಂದು ಕಲ್ಲು ಇಡಬೇಕು. ನಾನು ಟೀ ಶರ್ಟು ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ. ಆಮೇಲೆ ಅವಳು ಅದೇ ಸೈಕಲ್ಲಿನಲ್ಲಿ ಹಾಗೆಯೇ. ಯಾರು ಕೂತರೂ ಟೀ ಶರ್ಟಿನ ಕಲ್ಲು ಹಿಂದೆ, ಬರೀ ಉಡುಪಿನ ಕಲ್ಲು ಎಷ್ಟೋ ಮುಂದೆ. ಮತ್ತೆ ಮಾಡಿದೆವು, ಮತ್ತೆ ಹಾಗೆಯೇ. ಇನ್ನೊಂದು ಸಲ ಕಡ್ಡಿಯ ಹಳೆಯ ಗಾಲಿ ಹಾಕಿ, ಟೀ ಶರ್ಟಿಲ್ಲದೆ ಬಿಟ್ಟುಕೊಂಡು ಬಂದೆ. ಟೀ ಶರ್ಟು ತೊಟ್ಟು ಗಂಗಾಳ ಗಾಲಿಯ ಮೇಲೆ ಬಂದಾಗಿನ ಕಲ್ಲನ್ನೂ ಸೈಕಲ್ಲು ದಾಟಿ ಹೋಯಿತು! ಆ ಅಂಗಿ ಗಂಗಾಳ ಗಾಲಿಯನ್ನೇ ನುಂಗಿ ಹಾಕುತ್ತಿತ್ತು.

ಸರ್ ಅವರನ್ನು ಕರೆದುಕೊಂಡು ಬಂದೆವು. ನಮಗೆ ಎಷ್ಟು ಉಮೇದು! ಅವರದೇ ಪಾಠ, ಅವರದೇ ಶಿಷ್ಯೆಯರು, ರಸ್ತೆಯ ಮೇಲೆ ಕಲ್ಲಿಟ್ಟು ಸಾಧಿಸಿ ತೋರಿಸಿದ್ದೇವೆ. ಶಾಬಾಸ್ ಅನ್ನುತ್ತಾರೆ, ನೇರ ಸಾಹೇಬರ ಹತ್ತಿರ ಹೋಗುತ್ತಾರೆ ಅಂದುಕೊಂಡಿದ್ದೆವು. ಅವರು ಒಂದೊಂದು ಕಲ್ಲಿನ ಹತ್ತಿರವೂ ಹೋಗಿ ಬಗ್ಗಿ ನೋಡಿದರು. ಆಮೇಲೆ ಕಾಲಿನಿಂದ ಒಂದು ಕಲ್ಲನ್ನು ರಸ್ತೆಯ ಬದಿಗೆ ಸರಿಸಿದರು.

“ಪ್ರಾಕ್ಟೀಸಿಗೆ ತಡಾ ಆತು. ನಡೀರಿ.”

“ಸರ್, ನೋಡಿದ್ರಿಲ್ರಿ?” ಅಂದೆ.

“ನೋಡೀನಿ. ನಡೀರಿ.”

ಸಾಹೇಬರ ಮೇಲೆ ನನಗಿರುವುದು ಸಾಧಾರಣ ಸಿಟ್ಟು. ಅಂಥವರು ಊರಿಗೆ ಹತ್ತು ಮಂದಿ. ನನ್ನ ಹೊಟ್ಟೆಯೊಳಗೆ ಇಷ್ಟು ವರ್ಷ ಉರಿಯುತ್ತಿರುವುದು ಆ ‘ನೋಡೀನಿ’ ಎಂಬ ಮಾತು. ತಿಳಿಯದವರು ತಪ್ಪು ಮಾಡಿದರೆ ತಿಳಿಹೇಳಬಹುದು. ತಿಳಿದವರು, ನಮಗೂ ತಿಳಿಸಿದವರು, ಎದುರಿಗೆ ನಿಂತು ಕಲ್ಲು ಸರಿಸಿದರೆ ಹುಡುಗಿಯೊಬ್ಬಳು ಏನು ಮಾಡಬೇಕು, ನೀವೇ ಹೇಳಿ.

ರಾಜ್ಯ ತಂಡದ ಆಯ್ಕೆ ಆ ವರ್ಷ ನಮ್ಮ ರಸ್ತೆಯಲ್ಲೇ ನಡೆಯಿತು. ಬಾಗಲಕೋಟೆಯಿಂದ ಶಿರೂರಿಗೆ ಹೋಗಿ, ರಸ್ತೆಯ ನಡುವೆ ಇಟ್ಟ ಡ್ರಮ್ಮು ಸುತ್ತಿ ವಾಪಸು. ಆಷಾಢ. ಹೋಗುವಾಗ ಗಾಳಿ ಬೆನ್ನಿಗೆ, ಬರುವಾಗ ಎದೆಗೆ. ಗೆದ್ದವರು ರಾಷ್ಟ್ರಮಟ್ಟಕ್ಕೆ ಹೋಗುತ್ತಿದ್ದರು. ಅಲ್ಲಿ ಹೆಸರು ಮಾಡಿದವರಿಗೆ ನೌಕರಿಯೂ ಆಗುತ್ತಿತ್ತು. ನಮ್ಮಂಥವರ ಮನೆಯಲ್ಲಿ ಮದುವೆಯ ಮಾತು ಮುಂದೆ ಹಾಕಲು ಅದೊಂದೇ ದಾರಿ.

ಹಿಂದಿನ ದಿನ ಮಧ್ಯಾಹ್ನ ಊಟವಾದ ಮೇಲೆ ನಾವು ಸೂಜಿ ದಾರ ಹಿಡಿದು ಕೂತೆವು. ಟೀ ಶರ್ಟು ಹಾಕಿಕೊಳ್ಳಬೇಕೆಂದು ಸಾಹೇಬರು ಹೇಳಿದ್ದಾರೆ, ಸಡಿಲ ಇರಬೇಕೆಂದು ಹೇಳಿಲ್ಲ. ರೇಣುಕಾ ತನ್ನದನ್ನು ಬೆನ್ನಿನ ನಡುವೆ ಮಡಿಸಿ ಒತ್ತಾಗಿ ಹೊಲಿದಳು. ನಾನು ಅವಳಿಗಿಂತ ಜಾಣೆ. ಹೆಚ್ಚಾದ ಬಟ್ಟೆಯನ್ನು ಕತ್ತರಿಯಿಂದ ಕತ್ತರಿಸಿ ತೆಗೆದು ಎರಡು ಅಂಚು ಕೂಡಿಸಿ ಹೊಲಿದೆ. ಸಾಹೇಬರ ಹೆಸರಿನ ನಡುವಿನ ಎರಡು ಅಕ್ಷರ ಕಸದ ಬುಟ್ಟಿಗೆ ಹೋದವು. ನೇಕಾರರ ಮಗಳೆಂದು ಹೇಳಿಕೊಳ್ಳಲು ನಾಚಿಕೆಯಾಗುವಂಥ ಹೊಲಿಗೆ ನನ್ನದು. ಅವ್ವ ನೋಡಿದ್ದರೆ ಸೂಜಿಯಿಂದಲೇ ಚುಚ್ಚುತ್ತಿದ್ದಳು.

ಇದ್ದದ್ದು ಒಂದೇ ಸೈಕಲ್ಲು. ರೇಣುಕಾ ಮೊದಲಿಗರಲ್ಲಿ ಹೋಗಿ ಬಂದಳು, ಒಳ್ಳೆಯ ಸಮಯ. ಸೀಟು ಒಂದು ಬೆರಳು ಏರಿಸಿ ನನಗೆ ಕೊಟ್ಟರು. ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಬೇರೆ ಜಿಲ್ಲೆಯ ಹುಡುಗಿ ನನ್ನ ಅಂಗಿ ನೋಡಿ, “ಇದು ಮಳಿಗೇನ್ರಿ?” ಎಂದು ಕೇಳಿದಳು. ಚೇಷ್ಟೆಯಾಗಿ ಕೇಳಿರಲಿಲ್ಲ, ಪಾಪ. ಅವಳು ಬರೀ ಉಡುಪಿನಲ್ಲಿದ್ದಳು. ಅವರ ಊರಿನಲ್ಲಿ ಆಕಾಶವೇನೂ ಕಳಚಿ ಬಿದ್ದಿರಲಿಲ್ಲ.

ಹೋಗುವಾಗ ಗಾಳಿ ಬೆನ್ನಿಗಿತ್ತು, ಏನೂ ತೊಂದರೆಯಾಗಲಿಲ್ಲ. ಗಂಗಾಳ ಗಾಲಿ ಹಾಡುತ್ತಿತ್ತು. ಶಿರೂರಿನ ಡ್ರಮ್ಮು ಸುತ್ತಿ ತಿರುಗಿದೆ ನೋಡಿ, ಎದುರುಗಾಳಿ ಗೋಡೆಯ ಹಾಗೆ ಬಡಿಯಿತು. ಬೆನ್ನ ಹೊಲಿಗೆ ಒಂದೊಂದಾಗಿ ಬಿಚ್ಚಿಕೊಳ್ಳುವುದು ನನಗೆ ಗೊತ್ತಾಗುತ್ತಿತ್ತು. ಕಡೆಗೆ ಚರ್ರೆಂದು ಕೆಳಗಿನಿಂದ ಕೊರಳವರೆಗೆ ಹರಿದು ಎರಡು ರೆಕ್ಕೆಯಾಯಿತು. ರಸ್ತೆಯ ಬದಿಯಲ್ಲಿ ಎತ್ತು ಹೊಡೆದುಕೊಂಡು ಹೊರಟಿದ್ದ ಮುದುಕ ನಿಂತು ನೋಡಿದ. ಕೊರಳ ಪಟ್ಟಿ ಗಂಟಲು ಹಿಡಿದು ಹಿಂದಕ್ಕೆ ಜಗ್ಗುತ್ತಿತ್ತು.

ಎಲ್ಲವೂ ತಲೆಗೆ ಬಂತು. ಬಣ್ಣದವರ ಓಣಿ, ಅವ್ವನ ಏಟು, ಸಾಲಾಗಿ ನಿಲ್ಲಿಸಿದ ಮುಂಜಾನೆ, ರಸ್ತೆಯ ಬದಿಗೆ ಸರಿದ ಕಲ್ಲು. ಕೊಂಬಿನಿಂದ ಒಂದು ಕೈ ತೆಗೆದೆ. ಸೈಕಲ್ಲು ಓಲಾಡಿತು. ಕೊರಳ ಪಟ್ಟಿ ಹಿಡಿದು ಜಗ್ಗಿದೆ, ಹರಿಯಿತು. ಒಂದು ತೋಳು ಬಿಡಿಸಿಕೊಂಡೆ, ಕೈ ಬದಲಿಸಿ ಇನ್ನೊಂದು. ಸಾಹೇಬರ ಅಂಗಿಯನ್ನು ರಸ್ತೆಗೆ ಒಗೆದೆ. ಹಿಂದೆ ಬರುತ್ತಿದ್ದ ಜೀಪು ಅದರ ಮೇಲೆಯೇ ಹಾದುಹೋಯಿತೆಂದು ರೇಣುಕಾ ಇವತ್ತಿಗೂ ಹೇಳುತ್ತಾಳೆ. ಅವಳು ಅಲ್ಲಿರಲಿಲ್ಲ. ಇರಲಿ, ಕೇಳಲು ಚೆನ್ನಾಗಿದೆ.

ಆಮೇಲೆ ಗಾಲಿಯ ನಾದ ಮತ್ತೆ ಕೇಳಿಸಿತು. ಮೊಣಕೈ ಒಳಗೆ, ಬೆನ್ನು ಸಪಾಟು, ತಲೆ ಕ್ಷಣಕ್ಷಣಕ್ಕೂ ಕೆಳಗೆ. ಅಳುತ್ತಿದ್ದೆನೋ ಬೈಯುತ್ತಿದ್ದೆನೋ ತಿಳಿಯದು, ಬಾಯಿ ಮಾತ್ರ ಮುಚ್ಚಿರಲಿಲ್ಲ. ಗೆರೆ ದಾಟಿದಾಗ ಎಲ್ಲರಿಗಿಂತ ಕಡಿಮೆ ಸಮಯ ನನ್ನದೇ ಎಂದು ಮೈಕಿನಲ್ಲಿ ಕೂಗಿದರು. ಜನ ಚಪ್ಪಾಳೆ ಹೊಡೆದರು. ಸಾಹೇಬರು ಎದ್ದು ಕಾರು ಹತ್ತಿದರು.

ಎರಡು ದಿನ ಬಿಟ್ಟು ಕಮಿಟಿ ಸೇರಿತು. ಇಲಕಲ್ಲಿನಿಂದ ಅಪ್ಪನನ್ನು ಕರೆಸಿದ್ದರು. ಮಗ್ಗ ಬಿಟ್ಟು ಎದ್ದು ಬಂದ ಅಪ್ಪ ತೊಳೆದ ಧೋತರ ಉಟ್ಟು, ಟೊಪ್ಪಿಗೆ ಕೈಯಲ್ಲಿ ಹಿಡಿದು ಬಾಗಿಲ ಹತ್ತಿರ ನಿಂತಿದ್ದ. ನನ್ನನ್ನು ಒಳಗೆ ಕರೆಯುವ ಮೊದಲು ಸರ್ ವರಾಂಡದಲ್ಲಿ ಹತ್ತಿರ ಬಂದರು.

“ಕಸ್ತೂರಿ, ಗಾಳಿಗೆ ಹಾರಿತು ಅನ್ನವಾ. ಅಷ್ಟಽ ಅನ್ನು. ಎಲ್ಲಾರೂ ಒಪ್ಪಿಕೋತಾರ. ಸಾಹೇಬ್ರಿಗೂ ಅದಽ ಬೇಕಾಗೇತಿ.”

ಎಷ್ಟು ಸುಲಭ ನೋಡಿ. ಎಲ್ಲ ತಪ್ಪನ್ನೂ ಗಾಳಿಯ ಮೇಲೆ ಹಾಕಬಹುದಿತ್ತು. ಒಳಗೆ ಸಾಹೇಬರೂ ಮೆತ್ತಗೇ ಮಾತಾಡಿದರು.

“ಏನವಾ, ಗಾಳಿ ಭಾಳ ಇತ್ತಂತ? ಅಂಗಿ ಹಾರಿ ಹೋತಂತ?”

ಸರ್ ನನ್ನನ್ನೇ ನೋಡುತ್ತಿದ್ದರು.

“ಗಾಳಿ ಏನೂ ಮಾಡಿಲ್ರಿ,” ಅಂದೆ. “ನಾನಽ ಹರದು ಒಗದೀನಿ.”

“ಯಾಕ?”

“ಅದನ್ನ ಸರ್ ಗೆ ಕೇಳ್ರಿ. ಅವ್ರಿಗೆ ನನಗಿಂತ ಚಲೋ ಗೊತ್ತೈತಿ.”

ಯಾರೂ ಸರ್ ಗೆ ಕೇಳಲಿಲ್ಲ. ಸರ್ ತಾವಾಗಿ ಹೇಳಲೂ ಇಲ್ಲ. ಶಿಸ್ತು ಮೀರಿದಳೆಂದು ಸಾಹೇಬರು ಆಯ್ಕೆ ಮಾಡುವವರಿಗೂ ಹೇಳಿ ತಂಡದಿಂದಲೂ ಹಾಸ್ಟೆಲ್ಲಿನಿಂದಲೂ ನನ್ನ ಹೆಸರು ತೆಗೆಸಿದರು. ನನ್ನ ಜಾಗದಲ್ಲಿ, ಎರಡನೆಯವಳಾಗಿ ಬಂದಿದ್ದ ರೇಣುಕಾ ಹೋಗುವುದೆಂದಾಯಿತು.

ಅಪ್ಪ ನನ್ನನ್ನು ಕರೆದುಕೊಂಡು ಇಲಕಲ್ಲಿನ ಬಸ್ಸು ಹತ್ತಿದ. ಕಮತಗಿ ದಾಟಿದ ಮೇಲೆ ಮೆಲ್ಲಗೆ ಕೇಳಿದ.

“ಗಾಳಿ ಅಂತಽ ಅಂದಿದ್ರ ಏನಾಗ್ತಿತ್ತು ಮಗಳ?”

ನನಗೆ ಅವನ ಮೇಲೂ ಸಿಟ್ಟು ಬಂತು. ಮುಖ ತಿರುಗಿಸಿಕೊಂಡೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಇಳಿದು ಹೋಗಿ ಕರದಂಟು ತಂದು ನನ್ನ ತೊಡೆಯ ಮೇಲಿಟ್ಟ. ಮುಟ್ಟುವುದಿಲ್ಲವೆಂದು ಕೈ ಕಟ್ಟಿ ಕೂತೆ. ಹುನಗುಂದ ಬರುವಷ್ಟರಲ್ಲಿ ಪೊಟ್ಟಣ ಖಾಲಿಯಾಗಿತ್ತು. ನಾನು ಏನೇ ಅಂದರೂ ನನ್ನ ಹಸಿವೆಗೆ ಸ್ವಾಭಿಮಾನವಿಲ್ಲ. ಇಳಿಯುವ ಮುಂಚೆ ಅಪ್ಪ ಮತ್ತೆ ಅಂದ: “ನಿಮ್ಮವ್ವಗ ನಾ ಹೇಳ್ತೇನಿ. ನೀ ಸುಮ್ಮನಿರು.” ಅವ್ವ ಕೇಳಿ ಮೊದಲು ನನಗೆ ಬೈದಳು, ಆಮೇಲೆ ಸಾಹೇಬರಿಗೆ, ಆಮೇಲೆ ಸರ್ ಗೆ. ಸರ್ ಗೆ ಬೈದದ್ದು ಎಲ್ಲಕ್ಕಿಂತ ಉದ್ದ. ಅಂದು ನನಗೆ ಅವಳ ಬಾಯಿ ಎಷ್ಟು ಇಷ್ಟವಾಯಿತೆಂದರೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಪೂರ್ತಿ ಕೇಳಿದೆ.

ಒಂದು ತಿಂಗಳು ಕಳೆದು ರೇಣುಕಾ ಇಲಕಲ್ಲಿಗೆ ಬಂದಳು. ರಾಷ್ಟ್ರಮಟ್ಟದಲ್ಲಿ ಪದಕ ಬಂದಿರಲಿಲ್ಲ.

“ಅಲ್ಲಿ ನನ್ನ ಸರತಿ ಬಂತಲಾ,” ಅಂದಳು, “ಸರ್ ಹತ್ರ ಬಂದು ಕಿವ್ಯಾಗ ಅಂದ್ರು, ‘ಇಲ್ಲಿ ಸಾಹೇಬ್ರಿಲ್ಲ, ಟೀ ಶರ್ಟ್ ತೆಗದ ಬಿಡು’ ಅಂತ.”

ನನಗೆ ಮೈ ಹತ್ತಿಕೊಂಡು ಉರಿಯಿತು. ಸಾಹೇಬರ ಕಣ್ಣು ತಲುಪದ ಕಡೆ ಸರ್ ಪಾಠ ಮತ್ತೆ ಜೀವ ಹಿಡಿದಿತ್ತು!

“ತೆಗದಿ ಇಲ್ಲೋ?”

“ತೆಗೀಲಿಲ್ಲ. ‘ಇರಲಿ ಬಿಡ್ರಿ ಸರ್, ರೂಢಿ ಆಗೇತಿ’ ಅಂದೆ. ಅದನ್ನಽ ಹಾಕ್ಕೊಂಡು ತುಳಿದೆ.”

“ಹುಚ್ಚೀ! ತೆಗೀಬೇಕಿತ್ತಲ್ಲ! ಹೊಲಿಗಿಯರ ಹಾಕಿದ್ದೇನು?”

“ಬಿಚ್ಚೀನಿ. ಪಟಪಟ ಅಂತ ಬಡಿಲಿ ಅಂತ ಬಿಚ್ಚೀನಿ. ದಾರಿ ತುಂಬ ಅವ್ರಿಗೆ ಕೇಳಲಿ ಅಂತ.”

ಆ ದಿನ ನಾವು ಎಷ್ಟು ಜಗಳವಾಡಿದೆವೆಂದರೆ ಅಪ್ಪ ಮಗ್ಗ ನಿಲ್ಲಿಸಿ ತಲೆ ಎತ್ತಿ ನೋಡಿದ. ನನ್ನ ಸಿಟ್ಟು ಅಂಗಿ ಹರಿಯಿತು, ಅವಳ ಸಿಟ್ಟು ಅಂಗಿ ತೊಟ್ಟಿತು. ಇಬ್ಬರಿಗೂ ಕೈಗೆ ಏನೂ ಬರಲಿಲ್ಲ. ನಾನು ದೈಹಿಕ ಶಿಕ್ಷಣದ ತರಬೇತಿ ಮುಗಿಸಿ ಹುನಗುಂದದ ಒಂದು ಹೈಸ್ಕೂಲಿನಲ್ಲಿ ಮಾಸ್ತರಾಬಾಯಿ ಆದೆ. ರೇಣುಕಾ ಮರೋಳಕ್ಕೆ ಹತ್ತಿರದ ಊರಿಗೇ ಮದುವೆಯಾಗಿ ಹೋಗಿ, ಈಗ ಗಂಡನ ಜೊತೆ ಕಿರಾಣಿ ಅಂಗಡಿ ನಡೆಸುತ್ತಾಳೆ.

ಈಚೆಗೆ ಸರ್ ನಿವೃತ್ತರಾದರು. ನವನಗರದಲ್ಲಿ ಸತ್ಕಾರ ಸಮಾರಂಭ. ಹಳೆಯ ವಿದ್ಯಾರ್ಥಿಗಳೆಲ್ಲ ಬರಬೇಕೆಂದು ಫೋನು ಬಂತು. ಹೋಗಬಾರದೆಂದುಕೊಂಡು ಹೋದೆ. ವೇದಿಕೆಯ ಮೇಲೆ ಒಬ್ಬೊಬ್ಬರಾಗಿ ಸರ್ ಕಲಿಸಿದ್ದನ್ನು ಹೊಗಳಿದರು. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ, ಅದಕ್ಕೇ ನನಗೆ ಇನ್ನೂ ಸಂಕಟ. ನನ್ನನ್ನು ಎರಡು ಮಾತಾಡಲು ಕರೆದಾಗ ಒಲ್ಲೆನೆಂದು ತಲೆ ಅಲ್ಲಾಡಿಸಿಬಿಟ್ಟೆ. ಎಲ್ಲ ಮುಗಿದ ಮೇಲೆ ಸರ್ ತಾವೇ ನನ್ನ ಕುರ್ಚಿಯ ಹತ್ತಿರ ಬಂದು ಕೂತರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೊರಳಿಗೆ ಹಾಕಿದ ಹಾರವನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

“ಇನ್ನೂ ಸಿಟ್ಟೈತೇನವಾ ಕಸ್ತೂರಿ?”

“ಐತ್ರಿ.”

“ನಾ ಏನ್ ಮಾಡಬೇಕಿತ್ತು ಹೇಳು. ಸಾಹೇಬ್ರನ್ನ ಎದುರು ಹಾಕ್ಕೊಂಡಿದ್ರ ಹುಡುಗ್ಯಾರ ಹಾಸ್ಟೆಲ್ಲಽ ಬಂದ್ ಆಗ್ತಿತ್ತು. ನಿನ್ನ ಒಬ್ಬಾಕಿ ಸಲುವಾಗಿ ಎಲ್ಲಾರೂ ಮನಿಗೆ ಹೋಗ್ತಿದ್ರು.”

ಇದು ಅವರು ವರ್ಷಗಳಿಂದ ತಮಗೆ ತಾವೇ ಹೇಳಿಕೊಂಡ ಮಾತೆಂದು ಹೇಳುವ ರೀತಿಯಲ್ಲೇ ತಿಳಿಯಿತು. ನಿಜವೂ ಇರಬಹುದು. ನಾನೂ ಈಗ ಶಾಲೆಯಲ್ಲಿ ಕೆಲಸ ಮಾಡುವವಳು. ಮೇಲಿನವರು ಗಂಟಲು ಹಿಡಿದಾಗ ಉಸಿರು ಹೇಗೆ ಕಟ್ಟುತ್ತದೆಂದು ಬಲ್ಲೆ.

“ಖರೆ ಇದ್ದೀತ್ರಿ,” ಅಂದೆ. “ಸಾಹೇಬ್ರ ಮುಂದ ಹೇಳಬ್ಯಾಡಾಗಿತ್ತು. ಆ ಇಳಿಜಾರಿನ್ಯಾಗ ನಾವು ಇಬ್ಬರಽ ಇದ್ದಿವಿ. ‘ನೀವು ಹೇಳೂದು ಖರೆ ಐತಿ, ನನ್ನ ಕೈಲೆ ಆಗೂದಿಲ್ಲ’ ಅಂತ ನಮ್ಮ ಮುಂದರ ಒಂದು ಮಾತು ಹೇಳಬೇಕಿತ್ರಿ ಸರ್.”

ಅವರು ಹಾರದ ಹೂವು ಒಂದೊಂದಾಗಿ ಕೀಳುತ್ತ ಕೂತರು. “ಖರೆ ಇತ್ತವಾ. ನೀವು ಹೇಳಿದ್ದು ಖರೆ ಇತ್ತು,” ಅಂದರು.

ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಕಲಿಸಿದವರು, ಅದು ಸಲ್ಲಬೇಕು. ಎದೆಯೊಳಗೆ ಏನಾದರೂ ಹಗುರಾಯಿತೇನೋ ಎಂದು ಕಾದೆ. ಆಗಲಿಲ್ಲ. ಆ ಮಾತು ಬರಬೇಕಾದ ಹೊತ್ತಿಗೆ ಬಂದಿದ್ದರೆ ನಾನು ಅದನ್ನು ಹೊತ್ತುಕೊಂಡು ಹಳೆಯ ಕಡ್ಡಿಯ ಗಾಲಿಯಲ್ಲೂ ಗೆಲ್ಲುತ್ತಿದ್ದೆ.

ಹೊರಗೆ ಪೆಂಡಾಲಿನ ಬಾಗಿಲಲ್ಲಿ ರೇಣುಕಾ ಚಪ್ಪಲಿ ಹುಡುಕುತ್ತಿದ್ದಳು. ದೂರದಿಂದ ಎಲ್ಲ ನೋಡಿದ್ದಳು.

“ಏನಂದ್ರು?”

“ಖರೆ ಇತ್ತು ಅಂದ್ರು.”

“ಹಂಗಾರ ನಿನ್ನ ಸಿಟ್ಟು ಮುಗೀತಲ್ಲ?”

“ಇಲ್ಲ.”

ಅವಳು ನನ್ನ ಚಪ್ಪಲಿಯನ್ನೂ ಹುಡುಕಿ ಕಾಲ ಹತ್ತಿರ ಸರಿಸಿದಳು.

“ಮುಗಸಬ್ಯಾಡ,” ಅಂದಳು. “ನಂದೂ ಇನ್ನೂ ಐತಿ. ನಡಿ, ಊಟ ಮಾಡೂಣು.”